ಷರಾ

ಉಣಕಲ್ಲಿನ ಬಾಡಿಗೆ ಕೋಣೆ, ರಾತ್ರಿ ಹತ್ತೂವರೆ.
ಕೆಳಗೆ ಗಿರ್ಮಿಟ್ ಗಾಡಿಯವನು ಬುಟ್ಟಿ ಕೊಡವುತ್ತಿದ್ದಾನೆ.
ಚಿಗರಿ ಬಸ್ಸು ಖಾಲಿ ಸೀಟುಗಳನ್ನು ಹೊತ್ತು
ಧಾರವಾಡಕ್ಕೆ ಹೋಯಿತು.

ಬೆಟಗೇರಿಯಿಂದ ದಿಲ್ಶಾದ್ ನದಾಫ ಕಳಿಸಿದ ಪ್ಯಾಚು ತೆರೆದಿದ್ದೇನೆ.
ಒಂಬತ್ತು ಸಾಲು ಕೆಂಪು, ಹಸಿರು ಒಂದೂ ಇಲ್ಲ.
'ಮೇಡಂ, ಪುಟದ ಲೆಕ್ಕ ಇಡೂ ಚೀಟಿಯೊಳಗ
ಈ ಒಂದು ಫೀಲ್ಡು ಯಾರೂ ಓದೂದಿಲ್ರಿ.
ಎಂಟು ಬೈಟು. ತಗದೇನಿ.'

ಎಂಟು ಬೈಟು ಏನು ಮಹಾ ಅನ್ನಬೇಡಿ.
ಮೆಮೊರಿಯನ್ನು ಪುಟಪುಟವಾಗಿ ಹರಿದು ಹಂಚುವ ಕೋಡು ಇದು.
ಪುಟಕ್ಕೊಂದು ಚೀಟಿ, ಚೀಟಿಗೊಂದು ಈ ಖಾಲಿ ಮನೆ.
ಹದಿನಾರು ಜಿಬಿಯ ಯಂತ್ರದಲ್ಲಿ
ನಲವತ್ತೆರಡು ಲಕ್ಷದ ಹತ್ತಿರ ಖಾಲಿ ಮನೆ,
ಎಲ್ಲಕ್ಕೂ ಬೀಗ, ಯಾವುದಕ್ಕೂ ಬಾಡಿಗೆ ಇಲ್ಲ.

ಹೆಸರು ಹಿಡಿದು ಹುಡುಕಿದೆ. ಮೂರು ಕಡೆ ಸಿಕ್ಕಿತು.
ಹುಟ್ಟುವಾಗ ಸೊನ್ನೆ ಬರೆಯುವಲ್ಲಿ,
ಸಾಯುವಾಗ ಸೊನ್ನೆ ಬರೆಯುವಲ್ಲಿ,
ಮೂರನೆಯದು ಬರೀ ಟಿಪ್ಪಣಿ, ಪ್ಯಾಚು ಅದನ್ನು ಮುಟ್ಟಿಲ್ಲ.

ಶಾಲೆಯ ಹಾಜರಿ ಪುಸ್ತಕದ ಕೊನೆಯ ಅಂಕಣ, ಷರಾ.
ಅಲ್ಲಿ ಹೆಬಸೂರ ಮಾಸ್ತರು ದಿನಾಲೂ
ಸ್ಕೇಲು ಹಿಡಿದು ಕೆಂಪು ಗೆರೆ ಎಳೆಯುತ್ತಿದ್ದರು.
ಯಾಕ್ರೀ ಸರ ಅಂದರೆ,
'ಖಾಲಿ ಬಿಟ್ರ ಯಾರರ ಏನರ ಬರೀತಾರ.'

ಅದಕ್ಕೇ ಕೇಳಿದೆ ದಿಲ್ಶಾದನನ್ನು:
ಹೆಸರು ಹಿಡಿಯದೆ, ಬರೀ ದೂರ ಎಣಿಸಿ
ಒಳಗೆ ಕೈ ಹಾಕುವವರು ಯಾರೂ ಇಲ್ಲವಷ್ಟೆ?
ಮೂವತ್ತೆರಡು ಬಿಟ್ಟಿನ ಹಳೇ ಯಂತ್ರದ ಮೇಲೆ ಕಟ್ಟಿ ನೋಡಿದಿಯಾ?
ಇದು ಎದ್ದು ಹೋದರೆ ಬೀಗವೂ ಎಣಿಕೆಯೂ
ಒಂದೇ ಕ್ಯಾಶ್ ಸಾಲಿಗೆ ಬರುತ್ತವಲ್ಲ,
ಎಂಟು ದಿನಕ್ಕೊಮ್ಮೆ ಬರುವ ನಳಕ್ಕೆ
ಎರಡು ಮನೆಯವರು ಕೊಡ ಇಟ್ಟ ಹಾಗೆ
ಪ್ರೊಸೆಸರುಗಳು ಜಗಳಾಡಲಿಕ್ಕಿಲ್ಲವೇ? ಅಳೆದು ಹೇಳು.

ಅವನು ಅಳೆಯುವಷ್ಟರಲ್ಲಿ
ಈ ಸಾಲು ಬರೆದವರು ಯಾರೆಂದು ನೋಡಿದೆ.
ಹನ್ನೆರಡು ವರ್ಷದ ಹಿಂದೆ, ಮಂಗಳವಾರ, ನಸುಕಿನ ಮೂರು ಗಂಟೆ,
'ಮುಂದಿನ ಪ್ಯಾಚಿಗೆ ಬೇಕಾಗುತ್ತದೆ.'
ಸುಮಂಗಲಾ ಉಳ್ಳಾಗಡ್ಡಿ.
ನಾನೇ.

ಯಾವ ಮುಂದಿನ ಪ್ಯಾಚು?
ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದೆ.
ಹಾಲಿನ ಲೆಕ್ಕ, ಮಿಕ್ಸರ್ ರಿಪೇರಿ,
ಹೆಸರಿಲ್ಲದ ಒಂದು ಫೋನ್ ನಂಬರು.
ಏನೋ ಬೇಕಾಗಿತ್ತು ನನಗೆ, ಎಂಟು ಬೈಟಿನಷ್ಟು.
ಬಸ್ಸಿನ ಕಿಟಕಿಯೊಳಗೆ ಟವೆಲ್ಲು ಒಗೆದು
ಸೀಟು ಹಿಡಿದು
ಬಸ್ಸನ್ನೇ ಹತ್ತಲಿಲ್ಲ.

ಸೊನ್ನೆ ಮಾತ್ರ ತಪ್ಪಲಿಲ್ಲ.
ಎಷ್ಟು ಊರು, ಎಷ್ಟು ಯಂತ್ರ, ನನಗೇನು ಗೊತ್ತು,
ಪುಟ ಹುಟ್ಟಿದಾಗಲೆಲ್ಲ
ನನ್ನ ಸೀಟು ಒರೆಸಿ ಇಟ್ಟಿದೆ.

ಒಂದು ಗಂಟೆಗೆ ಉತ್ತರ ಬಂತು.
'ಇನ್ನೂರು ಸಲ ಅಳದೇನ್ರಿ. ಜಗಳ ಇಲ್ಲ.
ಎಪ್ಪತ್ತೆರಡಿದ್ದ ಚೀಟಿ ಅರವತ್ನಾಲ್ಕಕ್ಕ ಬಂದು
ಒಂದ ಸಾಲಿನ್ಯಾಗ ಚಂದಾಗಿ ಕುಂತೈತಿ.
ನಮ್ಮಜ್ಜ ಹಳೇ ಗಾದಿ ಬಿಚ್ಚಿ ಅರಳಿ ಬಡಿಯೂಮುಂದ
ಒಂದೊಂದು ಗಂಟು ಕೈಯಾಗ ಹಿಡದು
ಮನಿಯವ್ರಿಗೆ ತೋರಿಸಿನ ಒಗೀತಿದ್ದ.
ನಿಮ್ಮ ಹೆಸರು ನೋಡೇನ್ರಿ ಮೇಡಂ,
ಅದಕ್ಕ ನಿಮಗ ಕಳಿಸೇನಿ.'

ಟಿಪ್ಪಣಿ ಒಂದು ಉಳಿದಿದೆ, ಅದನ್ನೂ ತೆಗಿ, ಎಂದು ಬರೆದೆ.
ಕೆಳಗೆ, ಪರಿಶೀಲಿಸಿದವರು:
ಮತ್ತೆ ಅದೇ ಹೆಸರು.
ಹಿತ್ತಲ ನಳದಲ್ಲಿ ಗಾಳಿ ಸುಂಯ್ ಅಂತು,
ನೀರು ಹಿಂದೆಯೇ ಬರುತ್ತದೆ.
ಕೊಡ ಹುಡುಕುತ್ತ ಎದ್ದೆ.