ಕಾಲರಿಲ್ಲದ ಕೆಂಪು ಕೋಟು

ರಾಬರ್ಟ್‌ಸನ್ ಪೇಟೆಯಲ್ಲಿ ಆಗ ನಾನು ಕಾಜಾ ಹುಡುಗ.
ದಿನಕ್ಕೆ ನಲವತ್ತು ಕಾಜಾ, ಬೆರಳ ತುದಿಗೆ ನಲವತ್ತು ಚುಚ್ಚು.

ಅರವತ್ನಾಲ್ಕರಲ್ಲಿ ಐವರು ಬಂದರು,
ಒಂದೇ ಸೈಕಲ್ಲಿನ ಮೇಲೆ ಮೂವರು, ಹಿಂದೆ ಓಡುತ್ತ ಇಬ್ಬರು.
ಕೆಂಪು ಕೋಟು ಬೇಕು, ಐದೂ ಒಂದೇ ಥರ, ಕಾಲರ್ ಬೇಡ.
ತುಳಜಾರಾವ್ ಮೇಸ್ತ್ರಿ ಟೇಪು ಕೊರಳಿಗೆ ಹಾಕಿಕೊಂಡು ನಕ್ಕರು:
'ಬೋಳು ಕೊರಳಿನ ಕೋಟು
ಕಂಪನಿ ನಾಟಕದಲ್ಲಿ ಬಾಗಿಲು ಕಾಯೋನಿಗೆ ಕಣ್ರೋ.'
ಆದರೂ ಹೊಲಿದರು, ಐದನ್ನೂ ಒಂದೇ ಥಾನಿನಲ್ಲಿ.

ಅಳತೆ ಪುಸ್ತಕ ಈಗ ನನ್ನ ಹತ್ತಿರವಿದೆ.
ಡೆಸ್ಮಂಡ್ ಪಿನ್ನಕ್: ಎದೆ ಮೂವತ್ನಾಲ್ಕು,
ಪಕ್ಕದಲ್ಲಿ ಸಣ್ಣಗೆ, ಹಾಡುವಾಗ ಮೂವತ್ತಾರು.
ಕನಕಸಭೆ: ಗಿಟಾರು ಹೊತ್ತು ಎಡಭುಜ ಇಳಿದಿದೆ.
ಅವನ ಭಾಮೈದ ಏಳುಮಲೈ: ಬೆಳೆಯೋ ಹುಡುಗ, ಒಳಮಡಿಕೆ ಬಿಡುವುದು.
ಬೇತಮಂಗಲದ ಪಾಪರೆಡ್ಡಿ, ಮಿಷನ್ ಶಾಲೆಯ ಹಾರ್ಮೋನಿಯಂ:
ಸೊಂಟ ಹೇಳಲು ನಾಚಿಕೊಂಡ.
ಆರೋಗ್ಯದಾಸ್: ಗಣಿಯೊಳಗೆ ಮರದ ಆಸರೆ ಕಟ್ಟುವವನು,
ಮೇಲೆ ಬಂದರೆ ಡ್ರಮ್ಮು.
ಬಲತೋಳು ಒಂದಿಂಚು ಸಡಿಲ.

ಹೆಸರು ನೈಟ್ ಶಿಫ್ಟರ್ಸ್.
ಸಂಗು ಕೂಗಿದ ಮೇಲೇ ಅವರ ಪ್ರಾಕ್ಟೀಸು,
ವೇಲ್ಸ್ ಕಡೆಯ ಒಬ್ಬ ಮುದುಕಿಯ ಜಗುಲಿಯಲ್ಲಿ.
ಗಂಡ ಗಣಿಯ ಕ್ಯಾಪ್ಟನ್ ಆಗಿ ಇಲ್ಲೇ ಮಣ್ಣಾದ,
ಹಡಗಿನ ಟಿಕೆಟ್ಟು ಅವಳು ಕೊಳ್ಳಲೇ ಇಲ್ಲ.
ಮೂರು ದನಿ ಒಂದರ ಹೆಗಲ ಮೇಲೊಂದು ನಿಲ್ಲುವುದನ್ನು
ಕೋಲಿನಿಂದ ನೆಲಕ್ಕೆ ಕುಟ್ಟಿ ಕಲಿಸಿದಳು.
'ನಮ್ಮೂರಲ್ಲೂ ಗಂಡಸರು ಕತ್ತಲಿಗಿಳಿದು ಬಂದು ಹಾಡ್ತಾರೆ.
ಅಲ್ಲಿ ಕಲ್ಲಿದ್ದಲು, ಇಲ್ಲಿ ಚಿನ್ನ.
ಕೆಮ್ಮು ಒಂದೇ.'

ಚಾಂಪಿಯನ್ ರೀಫ್ಸ್ ಕ್ಲಬ್ಬಿನ ರಾತ್ರಿ
ಕೆಳಗೆಲ್ಲೋ ಬಂಡೆ ಸಿಡಿದು ನೆಲ ಅದುರಿತು.
ಗಾಜುಗಳು ಗಲಗಲ, ದೀಪ ತೂಗಾಡಿತು, ಹಾಡು ನಿಂತಿತು.
ಆರೋಗ್ಯದಾಸ್ ಮಾತ್ರ ಕೋಲು ಎತ್ತಿಯೇ ಹಿಡಿದು
ಆ ಅದುರನ್ನೂ ಒಂದು ಏಟು ಅಂತ ಎಣಿಸಿ
ಮುಂದಿನ ಏಟು ತಾನು ಕೊಟ್ಟ.
ಆ ಚಪ್ಪಾಳೆ, ಜನ ಹೇಳುವಂತೆ,
ಸೈನೈಡ್ ದಿಬ್ಬದಾಚೆಗೂ ಕೇಳಿತ್ತು.

ಆಮೇಲೆ ಬೆಂಗಳೂರು. ಆಮೇಲೆ ಮದ್ರಾಸು.
ಒಂದು ರೆಕಾರ್ಡು, ಅಂಗೈಯಗಲ, ಆ ಕಡೆ ಒಂದು ಈ ಕಡೆ ಒಂದು.
ಅಂಗಡಿಗೆ ತಂದು ತೋರಿಸಿದರು.
ಓದಲು ಬರದ ನಾನು ತಿರುಗಿಸಿ ತಿರುಗಿಸಿ ನೋಡಿದೆ.
ಓದಲು ಬರುವ ಕನಕಸಭೆ ಒಂದೇ ಸಲ ನೋಡಿದ:
ದಪ್ಪಕ್ಷರದಲ್ಲಿ ಡೆಸ್ಮಂಡ್ ಪಿನ್ನಕ್,
ಕೆಳಗೆ, 'ಮತ್ತು' ಆದ ಮೇಲೆ, ಉಳಿದವರೆಲ್ಲ.

'ಕಂಪನಿಯವರು ಹಾಕಿದ್ದು.'
'ನೀನು ಬೇಡ ಅಂದ್ಯಾ?'
ಹೊಲಿಗೆ ಮಿಷನ್ನು ನಿಲ್ಲಿಸಿ ನಾವು ಕೇಳಿಸಿಕೊಂಡೆವು.
ಉತ್ತರ ಬರಲಿಲ್ಲ.

ಆ ತಿಂಗಳೇ ಡೆಸ್ಮಂಡ್ ಒಬ್ಬನೇ ಬಂದ.
ತನ್ನ ಕೋಟಿಗೊಂದು ಕರಿ ಮಖಮಲ್ ಕಾಲರ್ ಆಗಬೇಕಂತೆ.
ಮೇಸ್ತ್ರಿ ನಗಲಿಲ್ಲ, ಹಚ್ಚಿಕೊಟ್ಟರು.
ಮರುವರ್ಷ ಕನಕಸಭೆ ಬಿಟ್ಟ, ಭಾಮೈದನೂ ಹಿಂದೆಯೇ.
ಹೊಸಬರಿಬ್ಬರನ್ನು ಕರೆತಂದು ನಿಲ್ಲಿಸಿದಾಗ ಮೇಸ್ತ್ರಿ ಅಂದರು:
'ಆ ಥಾನು ಮುಗೀತಪ್ಪ.
ಇನ್ನೊಂದು ಕೆಂಪು ತರಿಸಬಹುದು, ಅದು ಬೇರೆ ಕೆಂಪು.
ದೀಪದ ಕೆಳಗೆ ಗೊತ್ತಾಗುತ್ತೆ.'

ಗೊತ್ತಾಯಿತು.
ಕಡೆಯ ಆಟಕ್ಕೆ ಇಪ್ಪತ್ತು ಕುರ್ಚಿ ತುಂಬಿತ್ತು.
ಪಾಪರೆಡ್ಡಿ ಪಂಪ್‌ಸೆಟ್ ರಿಪೇರಿಗಿಳಿದ.
ಡೆಸ್ಮಂಡ್ ಪರ್ತಿಗೆ ಹೋದ, ಒಂದು ಕ್ರಿಸ್‌ಮಸ್ ಕಾರ್ಡು ಬಂತು,
ಮೇಸ್ತ್ರಿ ಹೆಸರಿಗೆ, ಮೇಸ್ತ್ರಿ ತೀರಿಕೊಂಡ ಮೇಲೆ.
ಮುದುಕಿಯ ಜಗುಲಿ ಈಗ ಮೊಬೈಲ್ ಅಂಗಡಿ.

ಗಣಿಗೆ ಬೀಗ ಬಿದ್ದು ಎಷ್ಟೋ ವರ್ಷ.
ಆರೋಗ್ಯದಾಸ್ ದಿನಾ ನನ್ನ ಅಂಗಡಿ ಮುಂದೆ ಹೋಗುತ್ತಾನೆ,
ಎರಡು ಹೆಜ್ಜೆಗೊಮ್ಮೆ ಕೆಮ್ಮು, ಅದರಲ್ಲೂ ಒಂದು ಲೆಕ್ಕ.
ಗುಂಡಿ ಹಚ್ಚಿಸಲು ಬಿಟ್ಟ ಕೋಟು ಒಳಗೆ ನೇತಾಡುತ್ತಿದೆ,
ಅರವತ್ತೆಂಟರಿಂದ.
ಗುಂಡಿ ಅವತ್ತೇ ಹಚ್ಚಿದೆ.
ಅವನು ಕೇಳುವುದಿಲ್ಲ. ನಾನು ಕರೆಯುವುದಿಲ್ಲ.

ಯುಗಾದಿಗೊಮ್ಮೆ ಬಿಸಿಲಿಗೆ ಹಾಕಿ ಕೊಡವುತ್ತೇನೆ.
ದಿಬ್ಬದ ಬಿಳಿ ಧೂಳು ಉದುರುತ್ತದೆ.
ಗಾಳಿ ಬಂದರೆ ಬಲತೋಳು
ಎಡಕ್ಕಿಂತ ಒಂದು ಚೂರು ಮೊದಲು ಆಡುತ್ತದೆ.