ಎಂಬತ್ತೊಂಬತ್ತನೇ ದಿನ

ಆ ಭಾನುವಾರ ರಾತ್ರಿ ಮೇಟಗಳ್ಳಿಯ ಊದುಬತ್ತಿ ಕಾರ್ಖಾನೆಯಲ್ಲಿ
ಎಚ್ಚರವಿದ್ದದ್ದು ಟೆಲಿಫೋನ್ ಪೆಟ್ಟಿಗೆ ಒಂದೇ.
ಕಾವಲುಗಾರನೂ ಮಲಗಿದ್ದ.
ಹೆಸರೂ ಕೇಳದ ದ್ವೀಪಗಳಿಗೆ ಅದು ತಾನಾಗಿ ಕರೆ ಮಾಡಿತು,
ನಾನೂರ ಹನ್ನೊಂದು ಸಲ.
ಕದ್ದವನು ಬೀಗ ಒಡೆಯಲಿಲ್ಲ. ಒಡೆಯಲು ಬೀಗವೇ ಇರಲಿಲ್ಲ:
ಗುಪ್ತಸಂಖ್ಯೆ ಒಂದು ಎರಡು ಮೂರು ನಾಲ್ಕು,
ಹತ್ತೊಂಬತ್ತು ವರ್ಷದಿಂದ ಅದೇ,
ಮರೆಯದಿರಲೆಂದು ಪೆಟ್ಟಿಗೆಯ ಬೆನ್ನಿಗೆ ನಾನೇ ಬರೆದು ಅಂಟಿಸಿದ್ದು.

ಬಿಲ್ಲು ನೋಡಿದ ಯಜಮಾನರು ಕುರ್ಚಿಯಿಂದ ಏಳಲಿಲ್ಲ.
ಆಮೇಲೆ ಬಂದಳು ಫರ್ಹಾನಾ, ಉದಯಗಿರಿಯ ಹುಡುಗಿ,
ಕೈಯಲ್ಲಿ ಲ್ಯಾಪ್‌ಟಾಪು, ಬಾಯಲ್ಲಿ ಪ್ರಶ್ನೆ.
ಕರೆಗಳನ್ನ ರೆಕಾರ್ಡ್ ಮಾಡ್ತೀರಾ? ಮಾಡ್ತೀವಿ.
ಮಾತಾಡೋರಿಗೆ ಅದು ಗೊತ್ತಾ?
ನಾನು ಮೇಜಿನ ಮೇಲಿನ ಗಂಧದ ಪುಡಿ ಒರೆಸಿದೆ.
ಎಷ್ಟು ದಿನ ಇಡ್ತೀರಿ? ಡಬ್ಬ ತುಂಬೋವರೆಗೆ.
ಯಾರು ಕೇಳಬಹುದು? ಬಾಗಿಲು ತಳ್ಳಿ ಬಂದವರು.
ಅವಳು ಬೈಯಲಿಲ್ಲ, ಬರೆದುಕೊಂಡಳು.
ಬೈದಿದ್ದರೆ ಚೆನ್ನಾಗಿತ್ತು.

ಹೀಗೆ ನನ್ನ ದನಿ ಕಾನೂನಾಯಿತು:
"ನಮಸ್ಕಾರ. ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ.
ತೊಂಬತ್ತು ದಿನ ಇಟ್ಟು ಅಳಿಸಲಾಗುವುದು.
ಒಪ್ಪಿಗೆ ಇಲ್ಲದಿದ್ದರೆ ಒಂಬತ್ತನ್ನು ಒತ್ತಿ."
ಏಳು ಸಲ ಹೇಳಿಸಿದಳು; ಆರನೆಯದು ಸರಿಯಾಗಿತ್ತಂತೆ.
ಈಗ ನಾನು ಊಟಕ್ಕೆ ಹೋದಾಗಲೂ ಇಲ್ಲೇ ಇರುತ್ತೇನೆ.
ನಮ್ಮೆಜಮಾನರು ಒಂದು ದಿನ ಫೋನ್ ಮಾಡಿ, ಪೂರ್ತಿ ಕೇಳಿಸಿಕೊಂಡು,
"ಮದುವೇಲೂ ಹಿಂಗೇ ಮೊದಲೇ ಹೇಳಿಬಿಟ್ಟಿದ್ರೆ" ಅಂದರು.

ಇಲವಾಲದ ಸಾಕಮ್ಮ ಒಂಬತ್ತು ಒತ್ತುವವಳಲ್ಲ.
ಮನೆಯಲ್ಲೇ ಬತ್ತಿ ಹೊಸೆಯುತ್ತಾಳೆ, ಸಾವಿರಕ್ಕೆ ಇಷ್ಟು ಅಂತ.
ಬೆರಳ ಗೆರೆಯೆಲ್ಲ ಇದ್ದಿಲ ಪುಡಿ ತುಂಬಿ
ಆಧಾರ್ ಯಂತ್ರ ಅವಳ ಹೆಬ್ಬೆಟ್ಟನ್ನು ಅವಳದಲ್ಲ ಎನ್ನುತ್ತದೆ.
ಫೋನಿನಲ್ಲಿ ಹಾಗೆನ್ನಲು ಯಾರಿಗೂ ಆಗದು:

"ಅವ್ವಾ, ಮೂರು ತಿಂಗ್ಳಾಗ್ತಾ ಬಂತು. ನಿಮ್ಮ ಮೇನೇಜ್ರಪ್ಪ
ಯುಗಾದಿಯಿಂದ ಸಾವ್ರಕ್ಕೆ ಆರ್ರುಪಾಯಿ ಜಾಸ್ತಿ ಅಂದಿದ್ದ.
ಈಗ ಅಂದೇ ಇಲ್ಲ ಅಂತಾನೆ.
ನನ್ನ ಮಾತು ನಿಮ್ಮಟ್ಟಿಲಿ ಐತಂತಲ್ಲ,
ವಸಿ ವಾಪಸ್ ಕೊಡವ್ವ."

ಹುಡುಕಿದೆ. ಇತ್ತು. ಎಂಬತ್ತೊಂಬತ್ತನೇ ದಿನ.
ರಾತ್ರಿ ಹನ್ನೆರಡಕ್ಕೆ ಪೆಟ್ಟಿಗೆ ತಾನೇ ಅಳಿಸಿಬಿಡುತ್ತದೆ.
ಮರಿಲಿಂಗಯ್ಯನವರು ಬಾಗಿಲಲ್ಲಿ ನಿಂತು
"ನಾಳೆ ನೋಡೋಣ ಬಿಡಿ" ಎಂದರು,
ಗಡಿಯಾರ ನೋಡಿಯೇ ಎಂದರು.

ಫರ್ಹಾನಾಳನ್ನು ಕೇಳಿದೆ. ಪೆನ್ ಡ್ರೈವಿಗೆ ಹಾಕಿ ಕೊಡಲೇ?
ಅದಕ್ಕೆ ಅರ್ಜಿ ಬೇಕು, ಸಹಿ ಬೇಕು, ಯಜಮಾನರ ಮೊಹರು ಬೇಕು.
ಒಂದು ದಿನ ಹೆಚ್ಚಿಗೆ ಇಡಲೇ? ಅದೂ ತಪ್ಪು.
ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು.
"ಅವರದೇ ದನಿ ಅಲ್ವಾ ಮೇಡಂ. ಅವರಿಗೆ ಕೇಳಿಸೋದು ತಪ್ಪಲ್ಲ."

ಸಂಜೆ ಐದೂವರೆಗೆ ಇಲವಾಲಕ್ಕೆ ಕರೆ ಹಚ್ಚಿದೆ.
ಮೊದಲು ನನ್ನದೇ ದನಿ ಎಚ್ಚರಿಕೆ ಹೇಳಿತು,
ಆಮೇಲೆ ರಿಸೀವರನ್ನು ಸ್ಪೀಕರಿಗೆ ಹಿಡಿದೆ.
ಆರು ರೂಪಾಯಿ. ಮರಿಲಿಂಗಯ್ಯನವರ ಕೆಮ್ಮು.
"ಖಂಡಿತ ಸಾಕಮ್ಮ, ಖಂಡಿತ." ಹಿಂದೆಲ್ಲೋ ಒಂದು ಕೋಳಿ.
ಮುಗಿದ ಮೇಲೂ ಆಕೆ ಸುಮ್ಮನಿದ್ದಳು. ಆಮೇಲೆ ನಕ್ಕಳು:
"ಆ ಎಂಗ್ಸು ನಾನಾ? ಥೇಟು ನಮ್ಮವ್ವನಂಗೇ ಮಾತಾಡ್ತಾಳಲ್ಲ!"

ಹನ್ನೆರಡಕ್ಕೆ ಅದು ಅಳಿಸಿಹೋಯಿತು, ನಿಯಮದಂತೆ.
ಬೆಳಿಗ್ಗೆ ಪಟ್ಟಿಯಲ್ಲಿ, ನಿಯಮದಂತೆಯೇ, ಹೊಸದೊಂದು:
ನಿನ್ನೆ ಸಂಜೆ ಐದು ಮೂವತ್ತೆರಡು.
ಅದರ ಹೊಟ್ಟೆಯೊಳಗೆ ಕೆಮ್ಮು, ಕೋಳಿ, ಖಂಡಿತ, ನಗು.
ಉಳಿದ ದಿನ: ಎಂಬತ್ತೊಂಬತ್ತು.

ಅರ್ಜಿ ನಾನೇ ತುಂಬಿಟ್ಟಿದ್ದೇನೆ.
ಕೆಳಗೆ ಹೆಬ್ಬೆಟ್ಟಿಗೆ ಜಾಗ.
ಶಾಯಿ ಬೇಕಾಗಲಾರದು.