ಜೋಡಿ ಕಾರ್ಡಿನ ಲೆಕ್ಕ

ಮೀನಿನ ಶೈತ್ಯಾಗಾರದಲ್ಲಿ ಲೆಕ್ಕ ಬರೆಯುವವಳು ನಾನು.
ಕಾಡ್ ಎಷ್ಟು ಪೆಟ್ಟಿಗೆ, ಹೆರಿಂಗ್ ಎಷ್ಟು,
ಕರಗಿಹೋದ ಐಸು ಎಷ್ಟು.
ತಮ್ಮ ಕಾಯೆತಾನ್ ನನ್ನೆದುರು
ಆ ಮಾತು ಆಡಲೇಬಾರದಿತ್ತು:
"ಗ್ರಾಫಿಕ್ಸ್ ಕಾರ್ಡು ಈಗ ಒಂದೇ ಕೊಳ್ಳುತ್ತೇನೆ, ಅಕ್ಕಾ.
ಅದರ ಜೋಡಿ ಆಮೇಲೆ, ಬೆಲೆ ಇಳಿದಾಗ."

ಗ್ದಿನಿಯಾದ ಹಡಗುಕಟ್ಟೆಯಲ್ಲಿ ಹಗಲೆಲ್ಲ ಬೆಸುಗೆ ಹಾಕುವವನು
ರಾತ್ರಿ ಪರದೆಯ ಮೇಲೆ
ಗುಜರಿಗೆ ಹೋದ ದೋಣಿಗಳನ್ನು ಮತ್ತೆ ಕಟ್ಟುತ್ತಾನೆ,
ಮೊಳೆ ಮೊಳೆ ಸಮೇತ, ತುಕ್ಕು ಸಮೇತ.
ಒಂದು ಚಿತ್ರ ಬೇಯಲು ಒಂಬತ್ತು ಗಂಟೆ.

ಮೊದಲ ಕಾರ್ಡು ಸಾವಿರದ ನಾನೂರು ಝ್ವೋತಿ.
ಇರಲಿ. ಆದರೆ
ಎರಡು ಗೂಡಿನ ಮದರ್‌ಬೋರ್ಡಿಗೆ ಮುನ್ನೂರ ಹತ್ತು ಜಾಸ್ತಿ,
ಇಬ್ಬರಿಗೆ ಉಣಿಸಬಲ್ಲ ಪವರ್ ಸಪ್ಲೈಗೆ ಇನ್ನೂರ ಅರವತ್ತು ಜಾಸ್ತಿ.
ಕೂಸು ಹುಟ್ಟುವ ಮುಂಚೆ ಕುಲಾವಿ, ಎಂದೆ.
"ಕುಲಾವಿ ಹಳಸುತ್ತದಾ?" ಎಂದ.
ಐನೂರ ಎಪ್ಪತ್ತು. ಬರೆದಿಟ್ಟುಕೊಂಡೆ.

ಮೊದಲ ವರ್ಷ ಬೆಲೆ ಮಿಸುಕಲಿಲ್ಲ.
ಎರಡನೆಯ ವರ್ಷ ಏರಿತು, ನಾಚಿಕೆಯಿಲ್ಲದೆ:
ಯಾರೋ ಎಲ್ಲೋ ಗೋದಾಮುಗಟ್ಟಲೆ ಕಾರ್ಡು ಕೂರಿಸಿ
ಕಣ್ಣಿಗೆ ಕಾಣದ ನಾಣ್ಯ ಅಗೆಯುತ್ತಿದ್ದರಂತೆ.
ಮೂರನೆಯ ವರ್ಷ ಇಳಿಯಿತು ಎನ್ನುವಷ್ಟರಲ್ಲಿ
ಕಂಪನಿ ಅದನ್ನು ಮಾಡುವುದನ್ನೇ ನಿಲ್ಲಿಸಿತ್ತು.
ಅಂಗಡಿಯ ಹುಡುಗ ನಕ್ಕ:
"ಅದಾ? ಅದರ ಮೊಮ್ಮಗ ಇದ್ದಾನೆ, ತೋರಿಸಲಾ?"

ಮೊಮ್ಮಗನಿಗೆ ಸಾವಿರದ ಒಂಬೈನೂರು.
ಇಬ್ಬರ ಕೆಲಸ ಮಾಡಿ ಒಬ್ಬನ ಊಟ ಉಣ್ಣುತ್ತಾನೆ.
ಹಳೆಯದನ್ನು ಮಾರಿದರೆ ಆರುನೂರು ಬಂದೀತು.
ಕಳೆದೆ: ಸಾವಿರದ ಮುನ್ನೂರು.
ಅವನೂ ಕೂಡಿದ: ಸೆಕೆಂಡ್ ಹ್ಯಾಂಡ್ ಜೋಡಿಗೆ ಬರೀ ಆರುನೂರು.
"ಆ ಐನೂರ ಎಪ್ಪತ್ತು?" ಎಂದೆ.
"ಅದು ಆಗಲೇ ಹೋಗಿದೆಯಲ್ಲ."
ಹೋದದ್ದನ್ನು ಬಿಟ್ಟು ಎಣಿಸುವವನೂ
ಹೋದದ್ದನ್ನೇ ಎಣಿಸುವವಳೂ
ಒಂದೇ ತಾಯಿಯ ಮಕ್ಕಳು.

ನಾಲ್ಕು ವರ್ಷ ಆ ಖಾಲಿ ಗೂಡಿನಲ್ಲಿ
ಬೆಕ್ಕಿನ ಕೂದಲು ಕೂತಿತು.
ಒರೆಸುವಾಗೆಲ್ಲ ನೆನಪಾಗುತ್ತಿತ್ತು
ಕ್ರಿಸ್‌ಮಸ್ ಹಿಂದಿನ ರಾತ್ರಿ ಅಮ್ಮ
ಯಾರಾದರೂ ಬಂದಾರೆಂದು ಹೆಚ್ಚಿಗೆ ಇಡುತ್ತಿದ್ದ ತಟ್ಟೆ.
ಒಂದು ವರ್ಷವೂ ಯಾರೂ ಬರಲಿಲ್ಲ.
ಒಂದು ವರ್ಷವೂ ಅಮ್ಮ ಇಡುವುದು ಬಿಡಲಿಲ್ಲ.

ಕೊನೆಗೆ ವೇಯ್‌ಹೆರೊವೊದಲ್ಲಿ ಸಿಕ್ಕಿತು.
ಲೋಕಲ್ ರೈಲು ಹಿಡಿದು ಇಬ್ಬರೂ ಹೋದೆವು.
ಹಾಲ್ಶ್ಕಾ ಎಂಬಾಕೆ, ಹಲ್ಲಿನ ಸೆಟ್ಟು ಮಾಡುವವಳು,
ಉಗುರಿನ ತುಂಬ ಬಿಳಿ ಗಾರೆ,
ಉಣ್ಣೆಯ ಟೊಪ್ಪಿಗೆಯಲ್ಲಿ ಸುತ್ತಿ ತಂದಳು.
ಅದೇ ಕಂಪನಿ, ಅದೇ ಮಾದರಿ, ಅದೇ ಮೂರು ಫ್ಯಾನು.
ಜೊತೆಗೆ, ಎರಡು ಕಾರ್ಡು ಬೆಸೆಯುವ ಪುಟ್ಟ ಸೇತುವೆ,
ಸೀಲು ಒಡೆಯದ್ದು.
"ಒಂದೇ ಕಾರ್ಡಿಗೆ ಇದೇಕೆ?" ಕೇಳಿದ ಕಾಯೆತಾನ್.
"ಎರಡನೆಯದು ಆಮೇಲೆ ಕೊಳ್ಳೋಣ ಅಂತ."

ಮೆಟ್ಟಿಲ ಮೇಲೆ ಯಾರದೋ ನಾಯಿ ಇಳಿದುಹೋಯಿತು.
ಇವನ ಎರಡನೆಯದು
ಅವಳ ಮೊದಲನೆಯದಾಗಿತ್ತು.
ಅವಳ ಮನೆಯಲ್ಲಿ ಇದ್ದ ಒಂದು ಖಾಲಿ ಗೂಡು
ಇನ್ನು ಎರಡು.
ಐವತ್ತು ಇಳಿಸಿ ಕೇಳಬೇಕೆಂದು ರೈಲಿನುದ್ದಕ್ಕೂ
ಬಾಯಿಪಾಠ ಮಾಡಿದ್ದವನು ಕೇಳಲಿಲ್ಲ.
ಸೇತುವೆಗೆ ಆಕೆ ದುಡ್ಡು ಮುಟ್ಟಲಿಲ್ಲ.

ಈಗ ಒಂಬತ್ತು ಗಂಟೆಯ ದೋಣಿ ಐದಕ್ಕೆ ಬೇಯುತ್ತದೆ.
ನಾಲ್ಕೂವರೆಗಲ್ಲ, ಐದಕ್ಕೆ:
ಇಬ್ಬರು ಹೊತ್ತ ಕೊಡವೂ ಸ್ವಲ್ಪ ತುಳುಕುತ್ತದೆ.
ಕರೆಂಟು ತಿಂಗಳಿಗೆ ನಲವತ್ತು ಹೆಚ್ಚು.
ಆದರೆ ಈ ಜನವರಿ ಅವನ ಕೋಣೆಯ ಹೀಟರು ಹಚ್ಚಿಲ್ಲ;
ಬಾಗಿಲು ತೆರೆದಿಟ್ಟರೆ ನಡುಮನೆಯೂ ಬೆಚ್ಚಗೆ,
ಬೆಕ್ಕಂತೂ ಡಬ್ಬ ಬಿಟ್ಟು ಏಳುವುದಿಲ್ಲ.
ಇದನ್ನು ಯಾವ ಕಾಲಮ್ಮಿಗೆ ಹಾಕಲಿ?

ಮೊನ್ನೆ ಶೈತ್ಯಾಗಾರದಿಂದ ಮರಗಟ್ಟಿ ಬಂದು
ಅದರ ಬಿಸಿಗಾಳಿಗೆ ಕೈ ಒಡ್ಡಿ ನಿಂತಿದ್ದೆ.
"ಉಳಿಯಿತಾ, ಅಕ್ಕಾ?" ಎಂದ, ಪರದೆಯಿಂದ ಕಣ್ಣೆತ್ತದೆ.
ತಡಿ, ಇನ್ನೂ ಎಣಿಸುತ್ತಿದ್ದೇನೆ, ಎಂದೆ,
ಒಂದೊಂದೇ ಬೆರಳು ಮಡಿಸಿ, ಬಿಡಿಸಿ.